ಮೊದಲು ನಡೆ, ಆಮೇಲೆ ನಕ್ಷೆ

ಬೆಂಗಳೂರಿನ ಹಂಪಿನಗರದ ಮನೆಯೊಂದರ ತಾರಸಿ. ಜಮಖಾನದ ಮೇಲೆ ಹಾಸಿದ ಡ್ರಾಯಿಂಗ್ ಶೀಟಿನಲ್ಲಿ ವಿಜಯನಗರ ಮೆಟ್ರೊ ನಿಲ್ದಾಣದ ಕೆಳಗಿನ ರಸ್ತೆ; ಅದರ ತುಂಬ ಚೌಕಾಬಾರದ ಹಾಗೆ ಮನೆಗಳು. ಗಾಳಿಗೆ ಹಾರದಿರಲೆಂದು ಒಂದು ಮೂಲೆಗೆ ಚೊಂಬು, ಇನ್ನೊಂದಕ್ಕೆ ಯಾರದೋ ಹೆಲ್ಮೆಟ್. ಹುಣಸೆಬೀಜ ಹೂವಿನವರು, ಬಳೆಚೂರು ಆಟೊ, ಅಂಗಿಯ ಗುಂಡಿ ನಡೆದು ಹೋಗುವವರು. ಮರದಡಿಯ ಮನೆಗೆ ಅಡ್ಡಗೆರೆ ಹೊಡೆದಿದೆ. ಅದು ಕಟ್ಟೆ; ಅಲ್ಲಿ ಕೂತವರನ್ನು ಯಾರೂ ಎಬ್ಬಿಸುವಂತಿಲ್ಲ.

ಇಲ್ಲಿಗೆ ಮೆಟ್ರೊ ಬಂದದ್ದು 2015ರಲ್ಲಿ. 2024ರಲ್ಲಿ ನೆಲದಡಿಯ ಪಾಲಿಕೆ ಬಜಾರೂ ತೆರೆಯಿತು. ಫುಟ್‌ಪಾತ್ ಯಾರದೆಂಬ ತಕರಾರು ಮಾತ್ರ ಹಾಗೇ ಇದೆ. ಸಭೆ ಕರೆದರೆ ಒಬ್ಬರು ‘ಗಾಡಿ ಎತ್ತಿಸಿ’ ಅನ್ನುತ್ತಾರೆ, ಇನ್ನೊಬ್ಬರು ‘ಹೊಟ್ಟೆಪಾಡು’ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆಟದಲ್ಲಿ ಹಾಗಲ್ಲ, ಸರದಿ ಬಂದರೆ ಕಾಯಿ ನಡೆಸಲೇಬೇಕು.

ಚೀಟಿ ಎತ್ತಿದಾಗ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಬಂದದ್ದು ಹುಣಸೆಬೀಜ. ‘ಸಂಜೆ ಆರು ಗಂಟೆ’ ಎಂದು ಕೂಗಿದ್ದೇ ತಡ, ಅವರು ಅದನ್ನು ಕಟ್ಟೆ ಬಿಟ್ಟು ನಿಲ್ದಾಣದ ಮೆಟ್ಟಿಲ ಬುಡಕ್ಕೇ ತಳ್ಳಿದರು.

“ಅಂಕಲ್, ಗಾಡಿ ತೆಗೆಸಿ ಅಂದಿದ್ದು ನೀವೇ ಅಲ್ವಾ?”

“ಕಟ್ಟೆ ಅಷ್ಟು ದೂರ ಹಾಕಿದ್ದೀರಲ್ಲಮ್ಮ, ಅಲ್ಲಿ ಕೂತರೆ ಹೂ ಯಾರು ಕೊಳ್ತಾರೆ?”

ನಗು ಎದ್ದಿತು. ವಿನ್ಯಾಸ ಕಲಿಯುತ್ತಿರುವ ಹುಡುಗಿ ಮಾತ್ರ ನಗದೆ ನೋಟ್‌ಬುಕ್ ತೆರೆದಳು. ಅವಳು ಬರೆದುಕೊಳ್ಳುವುದು ಗೆದ್ದವರ ಅಂಕವನ್ನಲ್ಲ. ಯಾರು, ಎಲ್ಲಿ, ಯಾಕೆ ನಿಯಮ ಮುರಿದರು ಅನ್ನುವುದನ್ನು. ಎಲ್ಲರೂ ಒಂದೇ ಕಡೆ ಮುರಿದರೆ ತಪ್ಪು ನಕ್ಷೆಯದು.

ಬೆಂಗಳೂರಿನ ‘ಫೀಲ್ಡ್ಸ್ ಆಫ್ ವ್ಯೂ’ ಸಂಸ್ಥೆ ಕಸದ ವಿಲೇವಾರಿಗೆ, ನಗರ ಯೋಜನೆಗೆ ಹೀಗೇ ಆಟಗಳನ್ನು ಹೆಣೆದಿದೆ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಿಂದ ‘ಮೈನ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಜನರ ಕೈಯಿಂದಲೇ ಬೀದಿ, ಮೈದಾನಗಳ ರೂಪುರೇಷೆ ಮಾಡಿಸುತ್ತಿದೆ. ಅಂಕ, ಬಹುಮಾನದ ಆಸೆ ತೋರಿಸಿದರೆ ಜನ ಆಡಬಹುದು. ಆದರೆ ಇನ್ನೊಬ್ಬರ ಕಾಯಿ ಕೈಗೆ ಬಂದಾಗಲೇ ರಸ್ತೆ ಬೇರೆಯಾಗಿ ಕಾಣುವುದು.

ತಾರಸಿಯ ಆಟದ ಎರಡನೇ ಸುತ್ತಿಗೆ ಕಟ್ಟೆ ಮೆಟ್ಟಿಲ ಪಕ್ಕಕ್ಕೆ ಬಂತು, ಗಾಡಿಗಳು ರಸ್ತೆಯಂಚಿಗೆ ಸಾಲಾಗಿ ನಿಂತವು, ಆಟೊ ಬಳೆಚೂರು ಎರಡು ಮನೆ ಹಿಂದೆ ಸರಿಯಿತು. ಗುಂಡಿಗಳು ಸಲೀಸಾಗಿ ದಾಟಿದವು. ಎಲ್ಲರೂ ಒಪ್ಪಿದರು, ಆ ನಿವೃತ್ತ ಅಧಿಕಾರಿಯನ್ನು ಬಿಟ್ಟು.

“ಹೂವಿನವರೇ ಇಲ್ಲಿಲ್ಲವಲ್ಲ! ಅವರಿಲ್ಲದೆ ಇದು ಹೇಗೆ ತೀರ್ಮಾನ ಆಗುತ್ತೆ?”

ಮುಂದಿನ ಭಾನುವಾರದ ಆಟ ಫುಟ್‌ಪಾತಿನ ಮೇಲೇ, ಸೀಮೆಸುಣ್ಣದ ಗೆರೆ ಎಳೆದು. ಮೊದಲ ನಡೆ ಹೂವಿನವರದು.