ಕಾಲ್ಚೆಂಡಾಟದ ಏಣಿ ಮತ್ತು ಪರದೇಶದ ಒಡೆಯರು

ಒಂದು ಊರಿನ ಹೆಸರನ್ನು ಹೊತ್ತು ಆಡುವ ತಂಡವು ಯಾರ ಸ್ವತ್ತು? ಹಣ ತೆತ್ತು ಕೊಂಡವರದೋ, ತಲೆಮಾರುಗಳಿಂದ ಅದನ್ನು ತಮ್ಮದೆಂದು ಭಾವಿಸಿ ಬಂದ ಊರಿನವರದೋ? ಇಂಗ್ಲೆಂಡಿನಲ್ಲಿ ಕಳೆದ ಎರಡು ದಶಕಗಳಿಂದ ಈ ಪ್ರಶ್ನೆಯು ಬಲವಾಗಿ ಎದ್ದು ನಿಂತಿದೆ. ನಮ್ಮ ಮನೆಗಳ ತರುಣರು ರಾತ್ರಿ ನಿದ್ದೆಗೆಟ್ಟು ಆ ದೇಶದ ಫುಟ್‌ಬಾಲ್ ಪಂದ್ಯಗಳನ್ನು ನೋಡುವುದುಂಟು. ಆದಕಾರಣ ಆ ಆಟದ ಹಿಂದಿರುವ ವ್ಯವಸ್ಥೆಯನ್ನು ಹಿರಿಯರೂ ಅರಿತಿರುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಏಣಿಯಂತಹ ವ್ಯವಸ್ಥೆ

ಇಂಗ್ಲೆಂಡಿನ ಫುಟ್‌ಬಾಲ್ ಲೀಗು 1888ರಲ್ಲಿ 12 ತಂಡಗಳೊಡನೆ ಆರಂಭವಾಯಿತು. ಅವುಗಳಲ್ಲಿ ಹಲವು ಗಿರಣಿ, ಕಾರ್ಖಾನೆಗಳ ಊರುಗಳಿಗೆ ಸೇರಿದವು. ಮುಂದೆ ಶ್ರೇಣಿಗಳು ಏರ್ಪಟ್ಟವು. ಮೇಲಿನ ಶ್ರೇಣಿಯಲ್ಲಿ ಕಡೆಯ ಸ್ಥಾನ ಪಡೆದವರು ಕೆಳಗಿಳಿಯಬೇಕು. ಕೆಳಗಿನ ಶ್ರೇಣಿಯಲ್ಲಿ ಗೆದ್ದವರು ಮೇಲೇರಬೇಕು. 1992ರಲ್ಲಿ ಪ್ರೀಮಿಯರ್ ಲೀಗು ಸ್ಥಾಪಿತವಾದಾಗಲೂ ಈ ನಿಯಮವು ಉಳಿದುಕೊಂಡಿತು. ಈಗ ಅದರಲ್ಲಿ 20 ತಂಡಗಳಿದ್ದು, ವರ್ಷಕ್ಕೆ ಮೂರು ತಂಡಗಳು ಕೆಳಗಿಳಿಯುತ್ತವೆ. ಎಷ್ಟೇ ಸಣ್ಣ ಊರಿನ ತಂಡವಾಗಲಿ, ಮೆಟ್ಟಿಲು ಮೆಟ್ಟಿಲಾಗಿ ಶಿಖರವನ್ನು ಮುಟ್ಟಬಹುದೆಂಬ ಆಸೆಯೇ ಈ ವ್ಯವಸ್ಥೆಯ ಜೀವಾಳ.

ಒಡೆಯರ ಆಗಮನ

ದೂರದರ್ಶನದ ಪ್ರಸಾರದಿಂದ ಲೀಗಿನ ಆದಾಯವು ಬೆಳೆದಂತೆ ಪರದೇಶದ ಧನಿಕರ ದೃಷ್ಟಿಯು ಅತ್ತ ಹರಿಯಿತು. ರಷ್ಯಾದ ರೋಮನ್ ಅಬ್ರಮೋವಿಚ್ 2003ರಲ್ಲಿ ಚೆಲ್ಸೀ ತಂಡವನ್ನು ಕೊಂಡರು. ಅಮೆರಿಕದ ಗ್ಲೇಜರ್ ಮನೆತನವು 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸುಮಾರು 79 ಕೋಟಿ ಪೌಂಡುಗಳಿಗೆ ವಶಪಡಿಸಿಕೊಂಡಿತು. ಆ ಹಣದ ಬಹುಭಾಗ ಸಾಲ. ಸಾಲದ ಭಾರವು ಬಿದ್ದುದು ತಂಡದ ಮೇಲೆಯೇ! ಇದರಿಂದ ಮನನೊಂದ ಅಭಿಮಾನಿಗಳು ಅದೇ ವರ್ಷ ತಮ್ಮದೇ ಒಡೆತನದ ಬೇರೊಂದು ಸಣ್ಣ ತಂಡವನ್ನು ಕಟ್ಟಿಕೊಂಡರು. ಅಬುಧಾಬಿಯ ಅರಸು ಮನೆತನದ ಹಣವು 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೂ, ಸೌದಿ ಅರೇಬಿಯಾದ ಸರ್ಕಾರಿ ನಿಧಿಯು 2021ರಲ್ಲಿ ನ್ಯೂಕ್ಯಾಸಲ್‌ಗೂ ಬಂದವು.

ಪರದೇಶದವರೆಂದರೆ ಅರಬರು, ಅಮೆರಿಕನ್ನರು ಮಾತ್ರವೇ ಎಂದು ವಾಚಕರು ತಿಳಿಯಬಾರದು. 1888ರ ಆ 12 ತಂಡಗಳಲ್ಲಿ ಒಂದಾದ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು 2010ರಲ್ಲಿ ಕೊಂಡವರು ನಮ್ಮ ನೆರೆಯ ಪುಣೆಯ ಕೋಳಿ ಉದ್ಯಮದ ವೆಂಕೀಸ್ ಸಮೂಹದವರು. 1995ರಲ್ಲಿ ಪ್ರೀಮಿಯರ್ ಲೀಗನ್ನೇ ಗೆದ್ದಿದ್ದ ಆ ತಂಡವು 2012ರಲ್ಲಿ ಎರಡನೆಯ ಶ್ರೇಣಿಗೂ, 2017ರಲ್ಲಿ ಮೂರನೆಯ ಶ್ರೇಣಿಗೂ ಇಳಿಯಿತು. ಮರುವರ್ಷ ಎರಡನೆಯದಕ್ಕೆ ಮರಳಿತು. 2012ರಲ್ಲಿ ಪ್ರತಿಭಟನೆಯ ಗುರುತಾಗಿ ಮೈದಾನದೊಳಗೆ ಕೋಳಿಯೊಂದನ್ನು ಬಿಟ್ಟದ್ದೂ ಉಂಟು. ಅಲ್ಲಿನ ಜನರ ಕಣ್ಣಿಗೆ ಪರಕೀಯರು ನಾವೇ ಎಂಬುದನ್ನು ಮರೆಯಲಾಗದು.

ಹಾಗೆಂದು ಪರದೇಶದ ಒಡೆತನವೆಲ್ಲ ಕೇಡೆನ್ನುವುದು ನ್ಯಾಯವಲ್ಲ. ಲೆಸ್ಟರ್ ತಂಡವನ್ನು 2010ರಲ್ಲಿ ಕೊಂಡ ಥಾಯ್ಲೆಂಡಿನ ವಿಚೈ ಶ್ರೀವದ್ಧನಪ್ರಭ ಅವರ ಕಾಲದಲ್ಲಿ ಆ ತಂಡವು ಎರಡನೆಯ ಶ್ರೇಣಿಯಿಂದ ಮೇಲೇರಿ, 2016ರಲ್ಲಿ ಚಾಂಪಿಯನ್ ಆಯಿತು. 2018ರಲ್ಲಿ ಅವರು ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದಾಗ ಊರಿಗೆ ಊರೇ ಮರುಗಿತು. ಇತ್ತ, ಇಂಗ್ಲಿಷರ ಒಡೆತನದಲ್ಲಿಯೇ ಇದ್ದ ಹಳೆಯ ಬರಿ ತಂಡವು ಹಣದ ಮುಗ್ಗಟ್ಟಿಗೆ ಸಿಲುಕಿ 2019ರಲ್ಲಿ ಲೀಗಿನಿಂದಲೇ ಹೊರಬಿದ್ದಿತು. ಆದ್ದರಿಂದ ಒಡೆಯನು ಯಾವ ದೇಶದವನೆಂಬುದಕ್ಕಿಂತ ಏಣಿಯ ವಿಷಯದಲ್ಲಿ ಅವನ ಭಾವವೇನೆಂಬುದೇ ಮುಖ್ಯ.

ಏಣಿಯನ್ನು ತೆಗೆಯುವ ಯತ್ನ

ಅಮೆರಿಕದ ದೊಡ್ಡ ಲೀಗುಗಳಲ್ಲಿ ಕೆಳಗಿಳಿಯುವ ಭಯವಿಲ್ಲ. ಸೋತರೂ ಸ್ಥಾನ ಭದ್ರ, ಆದಾಯ ಭದ್ರ. ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ತಂಡಗಳ ಅಮೆರಿಕನ್ ಒಡೆಯರಿಗೆ ಅಂತಹ ಲೀಗುಗಳಲ್ಲಿಯೂ ತಂಡಗಳಿವೆ. 2020ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಮುಂದೊಡ್ಡಿದ ಯೋಜನೆಯು, ಲೀಗನ್ನು 18 ತಂಡಗಳಿಗೆ ಇಳಿಸಿ, ತಂಡಕ್ಕೊಂದು ಮತವೆಂಬ ಸಮಾನತೆಯನ್ನು ಬದಲಿಸಿ, ನಿರ್ಣಯಾಧಿಕಾರವನ್ನು ಕೆಲವೇ ದೊಡ್ಡ ತಂಡಗಳ ಕೈಗೆ ಕೊಡುವಂತಿತ್ತು. ಕೆಳಗಿನ ಶ್ರೇಣಿಗಳಿಗೆ 25 ಕೋಟಿ ಪೌಂಡುಗಳ ನೆರವಿನ ಆಸೆಯೂ ಅದರ ಜೊತೆಗಿತ್ತು. ಉಳಿದ ತಂಡಗಳು ಒಪ್ಪದ್ದರಿಂದ ಅದು ಬಿದ್ದುಹೋಯಿತು.

ಮರುವರ್ಷ ಏಪ್ರಿಲ್ 18ರಂದು ಯುರೋಪಿನ 12 ತಂಡಗಳು ಸೂಪರ್ ಲೀಗನ್ನು ಘೋಷಿಸಿದವು. 20 ತಂಡಗಳಲ್ಲಿ 15ಕ್ಕೆ ಶಾಶ್ವತ ಸ್ಥಾನ. ಗೆದ್ದರೂ ಸೋತರೂ ಅವರೇ! ಇಂಗ್ಲೆಂಡಿನ ಆರು ತಂಡಗಳು ಅದರಲ್ಲಿದ್ದವು. ಮುಂದಾಳುವಾಗಿದ್ದ ರಿಯಲ್ ಮ್ಯಾಡ್ರಿಡ್ ಸದಸ್ಯರದೇ ಒಡೆತನದ ತಂಡ. ದುರಾಸೆಗೆ ದೇಶವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಜನರು ಬೀದಿಗಿಳಿದರು. ಚೆಲ್ಸೀ ಅಭಿಮಾನಿಗಳು ತಮ್ಮ ತಂಡದ ಬಸ್ಸನ್ನೇ ಅಡ್ಡಗಟ್ಟಿದರು. ಎರಡೇ ದಿನಗಳಲ್ಲಿ ಆರೂ ಇಂಗ್ಲಿಷ್ ತಂಡಗಳು ಹಿಂದೆ ಸರಿದವು.

ಅಂಕೆಯ ಅಗತ್ಯ

ಜರ್ಮನಿಯ ಬಯರ್ನ್ ಮತ್ತು ಡಾರ್ಟ್‌ಮುಂಡ್ ತಂಡಗಳು ಆ ಕೂಟಕ್ಕೆ ಸೇರಲಿಲ್ಲ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಂಡದ ಅರ್ಧಕ್ಕಿಂತ ಹೆಚ್ಚು ಮತಾಧಿಕಾರವು ಸದಸ್ಯ ಸಂಘದ ಕೈಯಲ್ಲಿರಬೇಕೆಂಬ ನಿಯಮವು ಅಲ್ಲಿ 1998ರಿಂದ ಜಾರಿಯಲ್ಲಿದೆ. ಇಂಗ್ಲೆಂಡಿನಲ್ಲಿಯೂ 2025ರಲ್ಲಿ ಶಾಸನವಾಗಿ, ಸ್ವತಂತ್ರ ನಿಯಂತ್ರಕ ಸಂಸ್ಥೆಯು ಏರ್ಪಟ್ಟಿದೆ. ಒಡೆಯರ ಯೋಗ್ಯತೆಯನ್ನು ಪರೀಕ್ಷಿಸುವ, ಬೇಲಿ ಹಾಕಿದ ಲೀಗುಗಳಿಗೆ ಸೇರದಂತೆ ತಡೆಯುವ ಅಧಿಕಾರ ಅದಕ್ಕುಂಟು.

ತಂಡವನ್ನು ಕೊಳ್ಳಬಹುದು, ಲೀಗನ್ನು ಕೊಳ್ಳಲಾಗದು. ಅದು ಮೇಲಿರುವವರಿಗೂ ಕೆಳಗಿರುವವರಿಗೂ ಸಮನಾಗಿ ಸೇರಿದ ಸೊತ್ತು. ತಾನು ಬೀಳಬಾರದೆಂದು ಮೇಲಿನವನು ಏಣಿಯನ್ನು ಎಳೆದುಕೊಂಡರೆ, ಕೆಳಗಿನ ಊರಿನ ಹುಡುಗನು ಏರುವುದಾದರೂ ಎಂತು? ಮುಂದಿನ ಪಂದ್ಯವನ್ನು ನೋಡುವ ನಮ್ಮ ತರುಣರು ಗೆದ್ದವರ ಹೆಸರಿನೊಡನೆ, ಆ ವರ್ಷ ಕೆಳಗಿನಿಂದ ಏರಿಬಂದ ಮೂರು ಊರುಗಳ ಹೆಸರನ್ನೂ ಕೇಳಿ ತಿಳಿಯಲಿ.