ಬಾಯಾಗ ಒತ್ತಿ, ಕಾಗದದಾಗ ಖರೇದಿ!

ಹೊಟೇಲಿನ ಬೋರ್ಡಿನ ಮೇಲೆ ‘ಉಪಹಾರ ಗೃಹ’ ಎಂದಿದ್ದರೆ ಒಳಹೊಕ್ಕವರಿಗೆ ಮಿರ್ಚಿ, ಒಗ್ಗರಣಿ ಸಿಗುತ್ತವೆಯೇ ವಿನಾ ಉಡುಗೊರೆ ಸಿಗುವುದಿಲ್ಲ. ಉಪಹಾರವೆಂದರೆ ಕಾಣಿಕೆ, ನಾಷ್ಟಾಕ್ಕೆ ಹೇಳುವುದು ಉಪಾಹಾರ. ಒಂದು ದೀರ್ಘ ತಪ್ಪಿದರೆ ಗಿರಾಕಿಯ ಹೊಟ್ಟೆಯೇನೂ ಬರಿದಾಗದು, ಹೀಗಾಗಿ ಬೋರ್ಡು ತಿದ್ದುವ ಉಸಾಬರಿಗೆ ಯಾರೂ ಹೋಗುವುದಿಲ್ಲ. ನಾಕು ಹೆಜ್ಜೆ ಮುಂದೆ ನಡೆದರೆ ಪುಢಾರಿಯೊಬ್ಬರ ಹುಟ್ಟುಹಬ್ಬದ ಬ್ಯಾನರು: ‘ಹಾರ್ದಿಕ ಶುಭಾಷಯಗಳು’. ಶುಭ, ಆಶಯ ಎರಡೂ ಕೂಡಿ ಶುಭಾಶಯವಾಗಬೇಕಾದಲ್ಲಿ ನಡುವೆ ಭಾಷಣ ಬಂದು ಹೊಕ್ಕಿದೆ. ಪುಢಾರಿಗಳ ಸಹವಾಸ, ಮತ್ತೇನಾದೀತು! ಪಕ್ಷಾತೀತ, ಕಾಲಾತೀತ ಎಂದು ರೂಢಿಯಾದ ನಾಲಿಗೆ ಜಾತ್ಯತೀತವನ್ನೂ ‘ಜಾತ್ಯಾತೀತ’ ಎಂದು ಎಳೆಯುತ್ತದೆ. ‘ಮಧ್ಯ ಮಾರಾಟ ನಿಲ್ಲಿಸಿ’ ಎಂಬ ಫಲಕ ಓದಿದವರು, ಆದಿ-ಅಂತ್ಯ ಮಾರಲು ಅಡ್ಡಿಯಿಲ್ಲವೇನು ಎಂದು ಕೇಳಬಹುದು. ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯಲ್ಲಿಯೇ ಈ ಗತಿ.

ಹಾಗೆಂದು ಮಂದಿಯ ಬಾಯಿಗೆಲ್ಲ ಪಂಡಿತರು ಬೀಗ ಹಾಕಬೇಕಾಗಿಲ್ಲ. ‘ಪರವಾಗಿಲ್ಲ’ ಎಂಬ ಮಾತನ್ನೇ ನೋಡಿ. ಉರ್ದುವಿನ ‘ಪರವಾ’ ಎಂದರೆ ಚಿಂತೆ. ‘ಪರವಾ ಇಲ್ಲ’ ಎಂಬುದು ಕನ್ನಡದ ‘ಪರವಾಗಿ’ಯೊಂದಿಗೆ ಬೆರೆತು ಪರವಾಗಿಲ್ಲ ಆಯಿತು. ಅಕ್ಷರ ಹಿಡಿದು ಅರ್ಥ ಮಾಡಿದರೆ ‘ನಿಮ್ಮ ಪರ ಇಲ್ಲ’ ಎಂದಾದೀತು. ಆದರೂ ಬಸ್ಸಿನಲ್ಲಿ ಕಾಲು ತುಳಿದವರಿಗೆ ‘ಪರವಾಗಿಲ್ಲ ಬಿಡ್ರಿ’ ಎಂದರೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ತಪ್ಪಾಗಿ ಹುಟ್ಟಿದ್ದು ಈಗ ಊರಿನ ಮಾತೇ ಆಗಿದೆ.

ತ್ರಾಸ ಇರುವುದು ಬೋರ್ಡಿನಲ್ಲೂ ಅಲ್ಲ, ಬ್ಯಾನರಿನಲ್ಲೂ ಅಲ್ಲ. ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ.

ಗದಗ ಜಿಲ್ಲೆ ಆದದ್ದು 1997ರಲ್ಲಿ. ಸ್ವಾತಂತ್ರ್ಯಕ್ಕೆ ಮುಂಚೆ ಈ ಊರುಗಳಿಗೆ ಒಬ್ಬನೇ ಧಣಿ ಇರಲಿಲ್ಲ. ಗದಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಮುಂಡರಗಿಯ ಮಂದಿ ಮೂಡಲಕ್ಕೆ ಕೊಪ್ಪಳಕ್ಕೆ ಹೋದರೆ ನಿಜಾಮನ ಸರಕಾರ, ತುಂಗಭದ್ರೆ ದಾಟಿ ಹಡಗಲಿಗೆ ಹೋದರೆ ಮದ್ರಾಸ್ ಸರಕಾರ. ಆ ಸರಕಾರಗಳು ಹೋದವು, ಅವುಗಳ ಕಚೇರಿಯ ಮಾತುಗಳು ಉಳಿದವು. ಪಂಪ ಕವಿ ಮೆಚ್ಚಿದ ತಿರುಳ್ಗನ್ನಡದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಹಳೆಯ ಹೊಲದ ಕಾಗದ ಬಿಚ್ಚಿದರೆ ತಿರುಳು ಕನ್ನಡದ್ದೇ, ಸಿಪ್ಪೆ ಮಾತ್ರ ಮರಾಠಿ, ಫಾರ್ಸಿ.

ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಸಾಹೇಬರ ಮುಂದೆ ಸಾಲಕ್ಕೆ ನಿಂತ ರೈತನ ಪಾಡು ಕೇಳಬೇಕು.

‘ಪಹಣಿ ತಂದಿದ್ದೀರಾ?’

‘ಇಲ್ರಿ ಸಾಹೇಬ್ರ, ಉತಾರ ಐತ್ರಿ.’

‘ಅದು ಆಮೇಲೆ. ಮೊದಲು ಪಹಣಿ ತಗೊಂಡು ಬನ್ನಿ.’

ಇಬ್ಬರು ಹೇಳಿದ್ದೂ ಒಂದೇ ಕಾಗದ! ಮರಾಠಿಯ ಉತಾರವೆಂದರೆ ಮೂಲ ದಾಖಲೆಯಿಂದ ಇಳಿಸಿಕೊಂಡ ಪ್ರತಿ. ಹೊಲದ್ದೂ ಉತಾರವೇ, ಪುರಸಭೆಯವರು ಕೊಡುವ ಮನೆಯದೂ ಉತಾರವೇ. ಹೀಗಾಗಿ ಹೊಲದ್ದು ಬೇಕಾದಲ್ಲಿ ಮನೆಯದನ್ನು ಒಯ್ದು, ಒಂದು ದಿನದ ಕೂಲಿ ಕಳೆದುಕೊಂಡು ತಿರುಗಿ ಬರುವವರೂ ಉಂಟು.

‘ಸಂಚಕಾರ’ದ ಗತಿ ಇನ್ನೂ ಮೋಜಿನದು. ‘ಪ್ರಾಣಕ್ಕೆ ಸಂಚಕಾರ’ ಎಂದರೆ ಬೆಂಗಳೂರಿನವರು ಬೆವರುತ್ತಾರೆ. ಈ ಕಡೆ ಸಂಚಕಾರವೆಂದರೆ ವ್ಯವಹಾರ ಕುದುರಿಸಲು ಕೊಟ್ಟ ಮುಂಗಡ. ಹೊಲ ಕೊಳ್ಳುವ ಕರಾರಿಗೆ ಸಂಚಕಾರ ಪತ್ರವೆಂದೇ ಹೆಸರು. ಆದರೆ ಹಳ್ಳಿಯಲ್ಲಿ ಸಂಚಕಾರ ಕೊಟ್ಟವನು ‘ಹೊಲಾ ತಗೊಂಡೆ’ ಎಂದು ಊರೆಲ್ಲ ಸಾರುತ್ತಾನೆ. ತಗೊಂಡಿಲ್ಲ. ಖರೇದಿ ಪತ್ರ ನೋಂದಣಿಯಾಗುವತನಕ ಹೊಲ ಮಾರುವವನದೇ.

ಲಾವಣಿ ಎಂದರೆ ಹಳೇ ಮೈಸೂರಿನವರಿಗೆ ಡಪ್ಪು ಬಡಿದು ಹೇಳುವ ಹಾಡು. ಇಲ್ಲಿ ಆ ಹಾಡೂ ಹೌದು, ಹೊಲವನ್ನು ಗೇಣಿಗೆ ಕೊಡುವುದೂ ಹೌದು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯು, ಸೈನಿಕರಂಥ ಕೆಲವರನ್ನು ಬಿಟ್ಟು, ಉಳಿದವರು ಹೊಲ ಗೇಣಿಗೆ ಕೊಡುವುದನ್ನು ನಿಲ್ಲಿಸಿತು. ಕಾಗದದಿಂದ ಲಾವಣಿ ಹೋಯಿತು, ಬಾಯಿಂದ ಹೋಗಲಿಲ್ಲ. ‘ಈ ವರ್ಷ ಲಾವಣಿ ಹಾಕೇನಿ’ ಎಂಬ ಮಾತು ಕಟ್ಟೆಯ ಮೇಲೆ ಇಂದಿಗೂ ಕೇಳುತ್ತದೆ. ತಂಟೆ ಬಂದಾಗ ತೋರಿಸಲು ಚೀಟಿ ಇರುವುದಿಲ್ಲ.

ಇನ್ನು ಅಣ್ಣತಮ್ಮಂದಿರ ವಾಟ್ನಿ ವಿಚಾರ. ಸ್ವಾರ್ಜಿತ, ಸ್ವಯಂ ಎರಡೂ ಕಲಸಿ ಆದ ‘ಸ್ವಯಾರ್ಜಿತ’ವೆಂಬ ಶಬ್ದ ದಸ್ತುಗಳಲ್ಲೆಲ್ಲ ಓಡಾಡುತ್ತದೆ. ಅದು ವ್ಯಾಕರಣದ ತಪ್ಪು, ಯಾರ ಪಾಲೂ ತಪ್ಪುವುದಿಲ್ಲ. ಪಾಲು ತಪ್ಪಿಸುವುದು ನೋಡಲು ಶುದ್ಧವಾಗಿರುವ ‘ಪಿತ್ರಾರ್ಜಿತ’. ಶಬ್ದ ಬಿಡಿಸಿದರೆ ತಂದೆ ಗಳಿಸಿದ್ದು ಎಂದೇ ಆಗುತ್ತದೆ. ‘ನಮ್ಮಪ್ಪ ಗಳಿಸಿದ ಹೊಲಾ, ಪಿತ್ರಾರ್ಜಿತ, ನನಗ ಹಕ್ಕು ಐತಿ’ ಎಂದು ಮಗ ಎದೆ ತಟ್ಟುತ್ತಾನೆ. ಆದರೆ ಕೋರ್ಟಿನ ಮಾತಿನಲ್ಲಿ ಪಿತ್ರಾರ್ಜಿತವೆಂದರೆ ಹಿರಿಯರಿಂದ ಇಳಿದುಬಂದ ಆಸ್ತಿ. ತಂದೆ ಸ್ವತಃ ದುಡಿದು ಕೊಂಡ ಹೊಲ ಆತನ ಸ್ವಂತದ್ದು. ಬೇಕಾದವರಿಗೆ ಮೃತ್ಯುಪತ್ರ ಬರೆದಿಡಬಹುದು. ಹಿರಿಯರ ಆಸ್ತಿಯಲ್ಲಾದರೋ 2005ರ ಹಿಂದೂ ವಾರಸಾ ತಿದ್ದುಪಡಿಯ ಮೇಲೆ ಮಗಳಿಗೂ ಮಗನಷ್ಟೇ ಜನ್ಮದ ಹಕ್ಕು. ಒಂದು ಶಬ್ದದ ಗೊಂದಲದಿಂದ ಒಂದು ಮನೆಯಲ್ಲಿ ಮಗ ಇಲ್ಲದ್ದನ್ನು ಕೇಳುತ್ತಾನೆ, ಇನ್ನೊಂದು ಮನೆಯಲ್ಲಿ ಮಗಳು ಇದ್ದದ್ದನ್ನೂ ಬಿಡುತ್ತಾಳೆ.

ಎಲ್ಲಕ್ಕಿಂತ ಕೆಟ್ಟದ್ದು ‘ಮುದ್ದತ್ ಖರೇದಿ’. ಮಗಳ ಲಗ್ನಕ್ಕೋ, ದವಾಖಾನಿ ಖರ್ಚಿಗೋ ರೊಕ್ಕ ಬೇಕು. ಸಾವುಕಾರ ಹೊಲ ಬರೆದುಕೊಡು ಎನ್ನುತ್ತಾನೆ, ಇಂತಿಷ್ಟು ವರ್ಷದೊಳಗೆ ರೊಕ್ಕ ತಿರುಗಿ ಕೊಟ್ಟರೆ ಹೊಲ ವಾಪಸು. ಕೊಟ್ಟವನು ಸಂತಿಯಲ್ಲಿ ಸಿಕ್ಕವರಿಗೆ ‘ಒತ್ತಿ ಇಟ್ಟೇನಿ’ ಎನ್ನುತ್ತಾನೆ, ಹಾಗೆಯೇ ನಂಬಿರುತ್ತಾನೆ. ಕಾಗದದಲ್ಲಿರುವುದು ಖರೇದಿ. 1882ರ ಸ್ವತ್ತು ವರ್ಗಾವಣೆ ಕಾಯದೆ ಇಂಥದ್ದನ್ನೂ ಒಂದು ಬಗೆಯ ಒತ್ತಿಯೆಂದು ಒಪ್ಪುತ್ತದೆ. ಆದರೆ 1929ರಲ್ಲಿ ಅದಕ್ಕೊಂದು ಷರತ್ತು ಸೇರಿತು: ವಾಪಸಿನ ಕರಾರು ಆ ಖರೇದಿ ಪತ್ರದೊಳಗೇ ಇರಬೇಕು. ಇದ್ದರೆ ಒತ್ತಿಯೆಂದು ವಾದಿಸಲು ದಾರಿಯುಂಟು. ಒತ್ತಿಯೆಂದು ಕೋರ್ಟು ಒಪ್ಪಿದರೆ ಬಿಡಿಸಿಕೊಳ್ಳುವ ದಾವೆಗೆ 30 ವರ್ಷದ ಅವಧಿ. ಕರಾರನ್ನು ಬೇರೆ ಛಾಪಾಕಾಗದದ ಮೇಲೆ ಬರೆದಿದ್ದರೆ ಅದು ಒತ್ತಿಯಾಗಲಾರದು, ಮುದ್ದತ್ತು ಮೀರಿದರೆ ಹೊಲ ಕೈಬಿಟ್ಟಂತೆಯೇ.

ಗದಗಿನ ಕೋರ್ಟಿಗೆ ಇಂಥ ಕಾಗದ ಹಿಡಿದು ಬರುವವರು ‘ಒತ್ತಿ ಅಂತನ ಮಾತಾಗಿತ್ರಿ, ನಾಕು ಮಂದಿ ಹಿರ್ಯಾರು ಇದ್ರು’ ಎಂದು ಆಣಿ ಮಾಡಿ ಹೇಳುತ್ತಾರೆ. ವಕೀಲರು ಆ ಮಾತು ಕೇಳುತ್ತಲೇ ಕಾಗದದ ಕೊನೆಯ ಪುಟ ತಿರುವಿ, ವಾಪಸಿನ ಕರಾರಿನ ಸಾಲು ಹುಡುಕತೊಡಗುತ್ತಾರೆ.