ಕಡಲ ದಡದ ತಾಯಿ

ಎತ್ತ ನೋಡಿದರೂ ನೀಲಿ. ಕಡಲು ನೀಲಿ, ಮುಗಿಲು ನೀಲಿ, ದಡದಲ್ಲಿ ನಿಂತ ತಾಯಿ ಹೊದ್ದ ವಸ್ತ್ರವೂ ನೀಲಿ. ಅವಳ ಒಂದು ತೋಳಿನ ಆಸರೆಯಲ್ಲಿ ಎಳೆಯ ಕೂಸು. ಇನ್ನೊಂದು ಕೈಯಲ್ಲಿ ಪುಟ್ಟದೊಂದು ಕೆಂಪು ಹೂವು. ಮೊಗದಲ್ಲಿ ನಗೆಯ ಸುಳಿವಿಲ್ಲ.

ಸ್ಪೇನ್ ದೇಶದ ಪಾಬ್ಲೋ ಪಿಕಾಸೊ 1902ರಲ್ಲಿ ಬಾರ್ಸಿಲೋನಾ ನಗರದಲ್ಲಿ ಈ ಚಿತ್ರವನ್ನು ರಚಿಸಿದಾಗ ಆತನ ವಯಸ್ಸು ಕೇವಲ ಇಪ್ಪತ್ತು. ಹಿಂದಿನ ವರ್ಷವಷ್ಟೇ ಪ್ರಾಣಸ್ನೇಹಿತ ಕಾಸಾಜೆಮಾಸ್ ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಆ ದುಃಖವು ಕಲಾವಿದನ ಕುಂಚವನ್ನೇ ನೀಲಿಯಲ್ಲಿ ಅದ್ದಿತು. ಕೈಯಲ್ಲಿ ಹಣವೂ ಇರಲಿಲ್ಲ. ಒಮ್ಮೆ ಬಳಸಿದ ಬಟ್ಟೆಯ ಮೇಲೆಯೇ ಈ ಚಿತ್ರ ಮೂಡಿತು. ಇದರಡಿ ಬೇರೆ ಚಿತ್ರದ ಕುರುಹುಗಳು ಅಡಗಿರುವುದನ್ನು ವಿಜ್ಞಾನಿಗಳು ಕ್ಷ-ಕಿರಣಗಳ ನೆರವಿನಿಂದ ಕಂಡುಕೊಂಡಿದ್ದಾರೆ. ಇಂದು ಇದು ಜಪಾನಿನ ಹಕೋನೆಯ ಪೋಲಾ ಕಲಾ ಸಂಗ್ರಹಾಲಯದಲ್ಲಿದೆ.

ಯಾರು ಈ ತಾಯಿ? 1901ರಲ್ಲಿ ಪಿಕಾಸೊ ಪ್ಯಾರಿಸ್ಸಿನ ಸೇಂಟ್ ಲಜಾರ್ ಎಂಬ ಸ್ತ್ರೀಯರ ಸೆರೆಮನೆಗೆ ಹೋಗಿದ್ದ. ದೇಹ ಮಾರಿ ಬದುಕಬೇಕಾಗಿ ಬಂದು, ರೋಗಕ್ಕೆ ತುತ್ತಾದ ಅನೇಕ ಹೆಂಗಸರು ಅಲ್ಲಿದ್ದರು. ಕೆಲವರ ಮಡಿಲಲ್ಲಿ ಹಸುಗೂಸುಗಳೂ ಇದ್ದವು. ಆ ನೋಟ ಆತನ ಮನಸ್ಸಿನಿಂದ ಮಾಸಲಿಲ್ಲ. ಆತನ ಅಂದಿನ ತಾಯಿ-ಮಕ್ಕಳ ಚಿತ್ರಗಳಿಗೆ ಅದೇ ಮೂಲ.

ಯೂರೋಪಿನ ಚಿತ್ರಕಲೆಯಲ್ಲಿ ನೀಲಿ ಮೇಲುವಸ್ತ್ರವು ಏಸುವಿನ ತಾಯಿ ಮೇರಿಯ ಗುರುತು. ಶತಶತಮಾನಗಳಿಂದ ಪೂಜ್ಯ ಮಾತೆಗೆ ಸಂದ ಆ ವಸ್ತ್ರವನ್ನು ಪಿಕಾಸೊ, ಲೋಕವು ಕಣ್ಮರೆಗೆ ತಳ್ಳಿದ ಹೆಣ್ಣಿಗೆ ಹೊದಿಸಿದ. ಚಿತ್ರದ ತಿರುಳು ಇಲ್ಲಿದೆ ಎಂದು ತೋರುತ್ತದೆ. ತಾಯ್ತನಕ್ಕೆ ಕಳಂಕವಿಲ್ಲ, ಕಳಂಕವಿರುವುದು ನೋಡುವ ಕಣ್ಣಿನಲ್ಲಿ.

ಇನ್ನು ಆ ಕೆಂಪು ಹೂವು. ನೆಲ ಮುಗಿದು ನೀರು ತೊಡಗುವ ಎಡೆಯಲ್ಲಿ, ಎಲ್ಲವನ್ನೂ ಕಳೆದುಕೊಂಡವಳ ಕೈಯಲ್ಲಿ ಉಳಿದಿರುವುದು ಅದೊಂದೇ. ಅದನ್ನು ಯಾರಿಗೆ ನೀಡುತ್ತಿದ್ದಾಳೆ? ಅಗಲಿದವರಿಗೋ, ದೇವರಿಗೋ, ನಮಗೋ? ಚಿತ್ರಕಾರ ಹೇಳಿಲ್ಲ. ಆದರೆ ಬೇಡುವವಳೆಂದು ನಾವು ಭಾವಿಸಬಹುದಾದವಳನ್ನು ಆತ ನೀಡುವವಳನ್ನಾಗಿ ನಿಲ್ಲಿಸಿದ್ದಾನೆ.

ಚೌಕಟ್ಟಿನೊಳಗಿನ ತಾಯಿಗೆ ಕೈಮುಗಿಯುವುದು ಸುಲಭ. ಕೂಸನ್ನೆತ್ತಿಕೊಂಡು ನಮ್ಮ ಹೊಸ್ತಿಲ ಬಳಿ ನಿಂತವಳನ್ನು ಯಾವ ಕಣ್ಣಿನಿಂದ ನೋಡುತ್ತೇವೆ? ಓದುಗರೇ, ಈ ಚಿತ್ರವು ನಮ್ಮನ್ನು ಕೇಳುವುದು ಇದನ್ನೇ.